ಒಂಟಿತನ ಮತ್ತು ದಿನನಿತ್ಯದ ಪುಟ್ಟ ಸಂತೋಷಗಳು



ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಧರ್ಮಕೇಂದ್ರಗಳಲ್ಲಿ ಮನೆಭೇಟಿಗೆ ಹೋದವರಿಗೆ ಒಂದು ದೃಶ್ಯ ಚೆನ್ನಾಗಿ ಪರಿಚಿತ. ಅಡಿಕೆ ತೋಟದ ನಡುವೆ ಹೊಸದಾಗಿ ಕಟ್ಟಿದ ದೊಡ್ಡ ಮನೆ. ಗೋಡೆಯಲ್ಲಿ ಮಕ್ಕಳ ಮದುವೆಯ, ಮೊಮ್ಮಕ್ಕಳ ಪ್ರಥಮ ಪರಮಪ್ರಸಾದದ ಭಾವಚಿತ್ರಗಳು. ಮಗ ಕುವೈಟಿನಲ್ಲಿ, ಮಗಳು ಮುಂಬಯಿಯಲ್ಲಿ, ಸೊಸೆ ಇಸ್ರೇಲಿನಲ್ಲಿ. ಮನೆಯಲ್ಲಿ ಇರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಇಸ್ರೇಲಿಗೆ ಹೋದ ನಮ್ಮವರಲ್ಲಿ ಅನೇಕರು ಅಲ್ಲಿ ಮಾಡುವ ಕೆಲಸ ವೃದ್ಧರ ಆರೈಕೆ. ಆ ಸಂಬಳದಿಂದ ಎದ್ದು ನಿಂತ ಮನೆಯಲ್ಲಿ ಇಲ್ಲಿಯ ವೃದ್ಧರು ಒಬ್ಬರೇ ಕುಳಿತು ಗಂಜಿ ಊಟ ಮಾಡುತ್ತಾರೆ. ಇದನ್ನು ನಾವು ಯಾರನ್ನೂ ದೂರಲು ಹೇಳುತ್ತಿಲ್ಲ. ಹೊಟ್ಟೆಪಾಡಿಗಾಗಿ ಹೋದ ಮಕ್ಕಳಿಗೂ ಅಲ್ಲಿ ಇದೇ ಒಂಟಿತನವಿದೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಮನೆಯಲ್ಲಿ ನಾವು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಪತ್ನಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಮೂರು ತಿಂಗಳಿನಿಂದ ಮನೆಯಿಂದ ಹೊರಗೆ ಬಂದಿರಲಿಲ್ಲ. ನಾವು ಹೋಗಿ ಪ್ರಾರ್ಥನೆ ಸಲ್ಲಿಸಿ, "ಧೈರ್ಯ ತಂದುಕೊಳ್ಳಿ, ಮನಸ್ಸನ್ನು ಸಂತೋಷವಾಗಿ ಇಟ್ಟುಕೊಳ್ಳಿ" ಎಂದು ಉಪದೇಶ ಮಾಡಿದೆವು. ಅವರು ಬಹಳ ವಿನಯದಿಂದ, "ಆಯಿತು ಫಾದರ್, ಆದರೆ ಆ ಸಂತೋಷವನ್ನು ಎಲ್ಲಿಂದ ತರುವುದು?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ನಮ್ಮ ಊರಿನಲ್ಲಿ ಒಂಟಿತನ ಏಕೆ ಹೆಚ್ಚಿತು?

ನಮ್ಮ ಹಳ್ಳಿಗಳು ಬಯಲುಸೀಮೆಯ ಹಳ್ಳಿಗಳಂತೆ ಸಾಲಾಗಿ ಒತ್ತಿಕೊಂಡಿಲ್ಲ. ಒಂದೊಂದು ಮನೆ ಒಂದೊಂದು ತೋಟದೊಳಗೆ. ನೆರೆಮನೆಗೆ ಹೋಗಬೇಕಾದರೆ ತೋಡು ದಾಟಬೇಕು, ಗುಡ್ಡ ಹತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ನಾರಾವಿ, ಇಂದಬೆಟ್ಟು, ಚಾರ್ಮಾಡಿ ಕಡೆಯಂತಹ ಘಟ್ಟದ ಬುಡದ ಊರುಗಳಲ್ಲಿ ವಯಸ್ಸಾದವರಿಗೆ ವಾರಗಟ್ಟಲೆ ಅಂಗಳ ದಾಟುವುದೇ ಕಷ್ಟ.

ಹಿಂದೆಯೂ ಮನೆಗಳು ದೂರದೂರವೇ ಇದ್ದವು. ಆದರೆ ಕೆಲಸ ಜನರನ್ನು ಸೇರಿಸುತ್ತಿತ್ತು. ಗದ್ದೆಯಲ್ಲಿ ನೇಜಿ ನೆಡಲು ಹತ್ತಾರು ಮಂದಿ ಒಟ್ಟಾಗುತ್ತಿದ್ದರು. ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಮಾತಾಡುತ್ತಿದ್ದರು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೋದಾಗ ಊರಿನ ಸುದ್ದಿ ಸಿಗುತ್ತಿತ್ತು. ಗದ್ದೆಗಳು ಅಡಿಕೆ ತೋಟಗಳಾದವು, ಬೀಡಿ ಕೆಲಸ ಕಡಿಮೆಯಾಯಿತು, ಮಕ್ಕಳು ಪರವೂರಿಗೆ ಹೋದರು. ಸಂಪಾದನೆ ಹೆಚ್ಚಾದಂತೆ ಮಾತಿನ ಸಂದರ್ಭಗಳು ಕಡಿಮೆಯಾದವು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿಯೂ ಇದು ಹೆಚ್ಚು ಎಂದು ಅದೇ ವರದಿ ಹೇಳುತ್ತದೆ. 2023ರಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿಯವರು ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಪರಿಗಣಿಸಬೇಕೆಂದು ಎಚ್ಚರಿಕೆ ನೀಡಿದರು. ಅವರ ಕುಟುಂಬದ ಮೂಲ ನಮ್ಮದೇ ರಾಜ್ಯದ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಆದ್ದರಿಂದ ಒಂಟಿತನವನ್ನು ನಮ್ಮ ಮನೆಯ ಅವಮಾನವೆಂದು ಮುಚ್ಚಿಡುವ ಅಗತ್ಯವಿಲ್ಲ.

ಒಂಟಿತನ, ದುಃಖ, ಖಿನ್ನತೆ

ಈ ಮೂರು ಪದಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಇವು ಬೇರೆ ಬೇರೆ. ಒಬ್ಬರೇ ಇರುವವರೆಲ್ಲ ಒಂಟಿತನ ಅನುಭವಿಸುವುದಿಲ್ಲ. ತುಂಬಿದ ಮನೆಯಲ್ಲಿಯೂ ಒಂಟಿಯಾಗಿರುವವರು ಇದ್ದಾರೆ. ನಮಗೆ ಬೇಕಾದಷ್ಟು ಆತ್ಮೀಯತೆ ಸಿಗದೆ ಇರುವಾಗ ಆಗುವ ನೋವು ಒಂಟಿತನ. ಅಗಲಿಕೆ, ನಷ್ಟ, ಸೋಲು ಬಂದಾಗ ಆಗುವ ಸಹಜ ಭಾವನೆ ದುಃಖ. ಅದನ್ನು ಅವಸರದಿಂದ ಓಡಿಸಬಾರದು. ಸತ್ತವರಿಗಾಗಿ ಅಳುವವರನ್ನು "ಅಳಬೇಡಿ" ಎಂದು ತಡೆಯುವುದು ಸಹಾಯವಲ್ಲ.

ಖಿನ್ನತೆ ಒಂದು ಕಾಯಿಲೆ. ಬೇಸರ ಅಥವಾ ನಿರಾಸಕ್ತಿ ದಿನದ ಹೆಚ್ಚಿನ ಹೊತ್ತು, ಎರಡು ವಾರಕ್ಕಿಂತ ಹೆಚ್ಚು ಕಾಲ ಉಳಿದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಕುಸಿದರೆ ವೈದ್ಯರು ಅದನ್ನು ಖಿನ್ನತೆ ಎಂದು ಸಂಶಯಿಸುತ್ತಾರೆ. ಇದು ವಿಶ್ವಾಸದ ಕೊರತೆಯೂ ಅಲ್ಲ, ಸೋಮಾರಿತನವೂ ಅಲ್ಲ. ಇದನ್ನು ಧರ್ಮಗುರುಗಳಾದ ನಾವೇ ಮೊದಲು ತಿಳಿದುಕೊಳ್ಳಬೇಕು.

ಮನಸ್ಸು ಸೋತಾಗ ಏನಾಗುತ್ತದೆ?

ಮೇಲೆ ಹೇಳಿದ ಹಿರಿಯರನ್ನೇ ನೋಡೋಣ. ಪತ್ನಿ ಇದ್ದಾಗ ಬೆಳಿಗ್ಗೆ ಒಟ್ಟಿಗೆ ಚಾ ಕುಡಿಯುತ್ತಿದ್ದರು. ಈಗ ಒಬ್ಬರಿಗೇ ಚಾ ಮಾಡಲು ಮನಸ್ಸಿಲ್ಲ. ಅಡುಗೆಯಲ್ಲಿ ಆಸಕ್ತಿ ಇಲ್ಲದ ಕಾರಣ ಮೀನು ತರಲು ಪೇಟೆಗೆ ಹೋಗುವುದಿಲ್ಲ. ಪೇಟೆಗೆ ಹೋಗದ ಕಾರಣ ಪರಿಚಯದವರು ಸಿಗುವುದಿಲ್ಲ. ಯಾರೂ ಸಿಗದ ಕಾರಣ ಬೇಸರ ಇನ್ನೂ ಹೆಚ್ಚುತ್ತದೆ. ಬೇಸರ ಹೆಚ್ಚಾದ ಕಾರಣ ಭಾನುವಾರದ ಬಲಿಪೂಜೆಗೂ ಹೋಗಲು ಮನಸ್ಸಾಗುವುದಿಲ್ಲ. ಹೀಗೆ ಮನಸ್ಸಿಗೆ ಹಿತ ಕೊಡುತ್ತಿದ್ದ ಒಂದೊಂದೇ ಕೆಲಸ ನಿಲ್ಲುತ್ತದೆ.

ಇಂಥ ಸಮಯದಲ್ಲಿ ನಾವೆಲ್ಲ ಮಾಡುವ ಲೆಕ್ಕಾಚಾರ ಒಂದೇ: "ಮನಸ್ಸು ಸರಿಯಾಗಲಿ, ಆಮೇಲೆ ಎಲ್ಲ ಮಾಡೋಣ." ಆದರೆ ಕೆಲಸ ನಿಂತಷ್ಟೂ ಮನಸ್ಸು ಕುಗ್ಗುತ್ತದೆ. ದಾರಿ ಇರುವುದು ಇನ್ನೊಂದು ಕಡೆಯಿಂದ. ಮನಸ್ಸಿಲ್ಲದಿದ್ದರೂ ಒಂದು ಪುಟ್ಟ ಕೆಲಸವನ್ನು ಗೊತ್ತುಮಾಡಿದ ಹೊತ್ತಿಗೆ ಮಾಡುವುದು. ಹಿತ ನಿಧಾನವಾಗಿ ಅದರ ಹಿಂದೆ ಬರುತ್ತದೆ. ಮನಃಶಾಸ್ತ್ರದಲ್ಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಎಂದು ಹೆಸರು. ಚಟುವಟಿಕೆಯ ಮೂಲಕ ಮನಸ್ಸನ್ನು ಎಬ್ಬಿಸುವುದು ಎಂದು ನಾವು ತಿಳಿದುಕೊಂಡರೆ ಸಾಕು.

ಪವಿತ್ರ ಗ್ರಂಥದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಪ್ರವಾದಿ ಎಲೀಯ ಬದುಕೇ ಬೇಡವೆಂದು ಮರುಭೂಮಿಯ ಗಿಡದ ಕೆಳಗೆ ಮಲಗಿದ್ದಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ತಂದಿಟ್ಟು ಎಬ್ಬಿಸಿದನು. ಪ್ರವಾದಿ ತಿಂದು ಮತ್ತೆ ಮಲಗಿದನು. ದೂತನು ಎರಡನೇ ಸಲವೂ ಊಟಕ್ಕೇ ಎಬ್ಬಿಸಿದನು. ಪ್ರಯಾಣದ ಮಾತು ಬಂದದ್ದು ಅದರ ನಂತರ. ಮನೆಭೇಟಿಗೆ ಹೋಗುವ ನಮಗೆಲ್ಲ ಇದರಲ್ಲಿ ಪಾಠವಿದೆ.

ಗೋವಾದಲ್ಲಿ ಕಂಡ ಫಲ

ನಮ್ಮ ಪೂರ್ವಜರು ಬಿಟ್ಟು ಬಂದ ಗೋವಾದಲ್ಲಿಯೇ ಈ ವಿಧಾನದ ದೊಡ್ಡ ಪರೀಕ್ಷೆ ನಡೆದಿದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡರು. ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ 6ರಿಂದ 8 ಭೇಟಿಗಳ ಸಮಾಲೋಚನೆ ದೊರೆಯಿತು. ಸಮಾಲೋಚಕರು ಮನೋವೈದ್ಯರಲ್ಲ, ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಡಲಾಗಿತ್ತು. ಅವರು ರೋಗಿಯ ಜೊತೆ ಕೂತು, ದಿನ ಹೇಗೆ ಕಳೆಯುತ್ತದೆ ಎಂದು ಕೇಳಿ, ಹಿತ ಕೊಡುವ ಪುಟ್ಟ ಕೆಲಸಗಳನ್ನು ಆರಿಸಿ, ಅವಕ್ಕೆ ಸಮಯ ಗೊತ್ತುಮಾಡಿ, ಮುಂದಿನ ಭೇಟಿಯಲ್ಲಿ ಏನಾಯಿತೆಂದು ವಿಚಾರಿಸುತ್ತಿದ್ದರು. 3 ತಿಂಗಳ ನಂತರ ನೋಡಿದಾಗ ಈ ಗುಂಪಿನಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 39 ಮಂದಿ. ಇದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

60 ವರ್ಷ ದಾಟಿದವರಿಗಾಗಿ ಗೋವಾದಲ್ಲಿಯೇ ನಡೆದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಖಿನ್ನತೆಯ ಆರಂಭದ ಲಕ್ಷಣಗಳಿದ್ದ 181 ಹಿರಿಯರು ಅದರಲ್ಲಿದ್ದರು. ತರಬೇತಿ ಪಡೆದ ಸಾಮಾನ್ಯ ಜನರು ಅವರನ್ನು ಭೇಟಿಯಾಗಿ, ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಲು, ನಿದ್ದೆ ಸರಿಪಡಿಸಲು, ಸಿಗುವ ಸಹಾಯವನ್ನು ಪಡೆಯಲು ನೆರವಾದರು. ಒಂದು ವರ್ಷದಲ್ಲಿ ಈ ಗುಂಪಿನಲ್ಲಿ ಪೂರ್ಣ ಖಿನ್ನತೆಗೆ ಒಳಗಾದವರು ಶೇ. 4ರಷ್ಟು, ಇನ್ನೊಂದು ಗುಂಪಿನಲ್ಲಿ ಶೇ. 14ರಷ್ಟು.

ಈ ಎರಡೂ ಅಧ್ಯಯನಗಳು ನಮಗೆ ಹೇಳುವುದೇನು? ಪುಟ್ಟ ಚಟುವಟಿಕೆಗಳಿಗೆ ನಿಜವಾದ ಶಕ್ತಿಯಿದೆ. ಮತ್ತು ಅದನ್ನು ಆರಂಭಿಸಲು ಜೊತೆಗೆ ಒಬ್ಬ ಮನುಷ್ಯ ಬೇಕು. ನಮ್ಮ ಒಂದೊಂದು ವಾಳೆಯಲ್ಲಿಯೂ ಅಂತಹ ಮನುಷ್ಯರಿದ್ದಾರೆ.

ಪುಟ್ಟ ಸಂತೋಷವನ್ನು ಆರಿಸುವುದು ಹೇಗೆ?

1. ಮೊದಲ ವಾರ ಏನನ್ನೂ ಬದಲಿಸಬೇಡಿ. ಕ್ಯಾಲೆಂಡರಿನ ಬದಿಯಲ್ಲಿ ಅಥವಾ ಹಳೆಯ ನೋಟುಪುಸ್ತಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಒಂದೊಂದು ಸಾಲು ಬರೆಯಿರಿ. ಎಲ್ಲ ಹೊತ್ತೂ ಒಂದೇ ರೀತಿಯ ಬೇಸರ ಇರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹೆಚ್ಚಿನವರಿಗೆ ಕಷ್ಟವಾಗುವುದು ಸಂಜೆಯ ಹೊತ್ತು.

2. ಹಿಂದೆ ಇಷ್ಟವಾಗುತ್ತಿದ್ದ ಮೂರು ಕೆಲಸ ನೆನಪು ಮಾಡಿಕೊಳ್ಳಿ. ಹೊಸ ಹವ್ಯಾಸ ಹುಡುಕುವ ಅಗತ್ಯವಿಲ್ಲ. ಮಲ್ಲಿಗೆ ಗಿಡ, ಕೋಳಿ ಸಾಕುವುದು, ಗಾಯನ, ಇಸ್ಪೀಟು, ಪತ್ರೊಡೆ ಮಾಡುವುದು, ಏನಾದರೂ ಆಗಬಹುದು.

3. ಅದನ್ನು ತೀರಾ ಚಿಕ್ಕದು ಮಾಡಿ. "ನಾಳೆಯಿಂದ ದಿನಾ ಒಂದು ಗಂಟೆ ನಡೆಯುತ್ತೇನೆ" ಎನ್ನಬೇಡಿ. "ನಾಲ್ಕು ಗಂಟೆಗೆ ಗೇಟಿನವರೆಗೆ ಹೋಗಿ ಬರುತ್ತೇನೆ" ಎನ್ನಿ. ಸೋತ ಮನಸ್ಸಿಗೆ ಅಷ್ಟೇ ಸಾಧ್ಯ, ಅಷ್ಟು ಸಾಕು.

4. ಸಮಯ ಗೊತ್ತುಮಾಡಿ. ಮನಸ್ಸಾದಾಗ ಮಾಡೋಣ ಎಂದರೆ ಅದು ಆಗುವುದಿಲ್ಲ. ಗಡಿಯಾರ ನೋಡಿ ಮಾತ್ರೆ ತೆಗೆದುಕೊಳ್ಳುವ ಹಾಗೆ ಇದನ್ನೂ ಮಾಡಬೇಕು.

5. ಮೂರರಲ್ಲಿ ಒಂದು ಕೆಲಸದಲ್ಲಾದರೂ ಇನ್ನೊಬ್ಬರು ಇರಲಿ. ಫೋನಿನಲ್ಲಿ ಆದರೂ ಸರಿ. ಮಗನಿಗೆ ಸಮಯ ಸಿಕ್ಕಾಗ ಕರೆ ಬರಲಿ ಎಂದು ಕಾಯುವುದಕ್ಕಿಂತ, ಭಾನುವಾರ ಮತ್ತು ಬುಧವಾರ ಇಷ್ಟು ಗಂಟೆಗೆ ಎಂದು ನಿಗದಿ ಮಾಡಿದರೆ ಇಬ್ಬರಿಗೂ ನೆಮ್ಮದಿ.

6. ಮೊದಲ ದಿನವೇ ಸಂತೋಷವಾಗಲಿಲ್ಲವೆಂದು ಬಿಡಬೇಡಿ. ಎರಡು ಮೂರು ವಾರ ಮಾಡಿ ನೋಡಿ. ಒಂದು ಕೆಲಸ ಹೊಂದದಿದ್ದರೆ ಇನ್ನೊಂದನ್ನು ಆರಿಸಿ.

ಸಂತೋಷದಂತೆ ಕಾಣುವ ಎರಡು ವಿಷಯಗಳ ಬಗ್ಗೆ ಎಚ್ಚರಿಕೆ ಬೇಕು. ಒಂದು ಮದ್ಯ. ಸಂಜೆಯ ಬೇಸರಕ್ಕೆಂದು ಆರಂಭವಾದ ಕುಡಿತ ನಿದ್ದೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ. ಇನ್ನೊಂದು, ರಾತ್ರಿ ತನಕ ಟಿ.ವಿ. ಅಥವಾ ಮೊಬೈಲ್ ನೋಡುತ್ತಾ ಕೂರುವುದು. ಮೊಬೈಲಿನಲ್ಲಿ ಮೊಮ್ಮಗಳ ಮುಖ ನೋಡಿ ಮಾತನಾಡುವುದು ಬೇರೆ. ಇತರರ ಹಬ್ಬದ ಫೋಟೋಗಳನ್ನು ನೋಡುತ್ತಾ ಹೋಗುವುದು ಬೇರೆ.

ಕಿವಿ, ಕಣ್ಣುಗಳನ್ನೂ ಪರೀಕ್ಷಿಸಿಕೊಳ್ಳಿ. ಕಿವಿ ಸರಿಯಾಗಿ ಕೇಳಿಸದ ಹಿರಿಯರು ಮಾತಿನ ಗುಂಪಿನಿಂದ ತಾವಾಗಿಯೇ ಹಿಂದೆ ಸರಿಯುತ್ತಾರೆ. ಮನೆಯವರು ಅದನ್ನು ಮುಂಗೋಪವೆಂದು ತಿಳಿಯುತ್ತಾರೆ. ಶ್ರವಣ ಸಾಧನ ಅಥವಾ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿಂದ ಎಷ್ಟೋ ಜನರ ಒಂಟಿತನ ಹಗುರಾಗುತ್ತದೆ.

ನಮ್ಮ ಊರಿನಲ್ಲೇ ಇರುವ ಅವಕಾಶಗಳು

ಪುಟ್ಟ ಸಂತೋಷಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ. ಹಾಲಿನ ಡೈರಿಯನ್ನು ನೋಡಿ. ಒಂದೆರಡು ಲೀಟರ್ ಹಾಲಿನ ಲಾಭಕ್ಕಿಂತ, ಬೆಳಿಗ್ಗೆ ಮತ್ತು ಸಂಜೆ ಅಲ್ಲಿ ಸಿಗುವ ನಾಲ್ಕು ಮಾತುಗಳಿಗಾಗಿಯೇ ದನ ಸಾಕುವ ಹಿರಿಯರು ನಮ್ಮಲ್ಲಿ ಇದ್ದಾರೆ. ಮಲ್ಲಿಗೆ ಕಟ್ಟುವ ಮನೆಗಳಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ಯುವ, ಚೆಂಡು ಕಟ್ಟುವ, ಕಟ್ಟೆಗೆ ತಲುಪಿಸುವ ಅವಸರವಿರುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದಿನ ದರ ಎಷ್ಟು ಎಂಬ ಕುತೂಹಲವೇ ದಿನಕ್ಕೊಂದು ಉತ್ಸಾಹ. ಬೆಳ್ತಂಗಡಿ ಕಡೆ ಮಳೆ ಬಿಟ್ಟ ಮೇಲೆ ರಬ್ಬರ್ ಟ್ಯಾಪಿಂಗ್‌ಗೆ ಬೆಳಗಿನ ಜಾವ ಹೊರಡುವವರಿಗೂ ಈ ಅನುಭವವಿದೆ. ದುಡಿಯಲು ಶಕ್ತಿ ಇಲ್ಲದವರು ಅಡಿಕೆ ಸುಲಿಯುವವರ ಜೊತೆ ಕೂತು ಮಾತಾಡಬಹುದು.

ರೇಡಿಯೋ ಕೂಡಾ ಒಳ್ಳೆಯ ಸಂಗಾತಿ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದಾಗಿನಿಂದ ಕನ್ನಡ, ತುಳು, ಕೊಂಕಣಿ ಮಾತುಗಳು ತೋಟದ ಮನೆಗಳಿಗೆ ತಲುಪಿವೆ. ಗೊತ್ತಾದ ಹೊತ್ತಿಗೆ ಬರುವ ಪರಿಚಿತ ಧ್ವನಿಯನ್ನು ಕಾಯುವುದರಲ್ಲಿಯೂ ಒಂದು ಹಿತವಿದೆ.

ತೆನೆ ಹಬ್ಬದ ಒಂದು ಪದ್ಧತಿಯನ್ನೂ ಇಲ್ಲಿ ನೆನಪಿಸುತ್ತೇವೆ. ಸೆಪ್ಟೆಂಬರ್ 8ರಂದು ಚರ್ಚಿನಿಂದ ತಂದ ತೆನೆಯ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಹಂಚಿಕೊಳ್ಳುತ್ತೇವೆ. ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸುವ ಕ್ರಮ ನಮ್ಮ ಹಿರಿಯರಲ್ಲಿತ್ತು. ಈಗ ಫೋಟೋ ಕಳುಹಿಸಿ ಮುಗಿಸುತ್ತೇವೆ. ಕಾಳು ಸುಲಿಯುವುದು, ಲಕೋಟೆಗೆ ಹಾಕುವುದು, ವಿಳಾಸ ಬರೆಸುವುದು, ತಲುಪಿತೇ ಎಂದು ಕೇಳುವುದು, ಇವೆಲ್ಲ ಸೇರಿ ಒಬ್ಬ ಅಜ್ಜಿಗೆ ಎರಡು ವಾರದ ಸಂತೋಷ. ಆ ಕ್ರಮವನ್ನು ಮತ್ತೆ ಆರಂಭಿಸಬಹುದಲ್ಲವೇ?

ಗುರಿಕಾರರು ಮತ್ತು ಸಂಘಟನೆಗಳು ಏನು ಮಾಡಬಹುದು?

ಚರ್ಚಿನ ಸೇವೆಯಲ್ಲಿರುವವರು ಒಂಟಿಯಾದವರಿಗೆ ಸಾಮಾನ್ಯವಾಗಿ ಕೊಡುವುದು ಎರಡು: ಉಪದೇಶ ಮತ್ತು ಕ್ರಿಸ್ಮಸ್ ಸಮಯದ ಅಕ್ಕಿ ಚೀಲ. ಅಕ್ಕಿ ಬೇಕಾದವರಿಗೆ ಅಕ್ಕಿ ಕೊಡೋಣ. ಆದರೆ ಒಂಟಿಯಾದವರಿಗೆ ಬೇಕಾಗಿರುವುದು "ನನ್ನಿಂದಲೂ ಯಾರಿಗೋ ಉಪಯೋಗವಿದೆ" ಎಂಬ ಭಾವನೆ.

ಆದ್ದರಿಂದ ಕೊಡುವುದರ ಜೊತೆಗೆ ಕೇಳಲು ಕಲಿಯೋಣ. ಉಪ್ಪಿನಕಾಯಿ ಹಾಕುವುದನ್ನು ಕಲಿಸಿಕೊಡಿ ಎಂದು ಹಿರಿಯ ತಾಯಿಯನ್ನು ಕೇಳೋಣ. ವಾಳೆಯ ಹಳೆಯ ಮನೆತನಗಳ ವಿವರ ಹೇಳಿ, ಬರೆದುಕೊಳ್ಳುತ್ತೇವೆ ಎಂದು ಹಿರಿಯರನ್ನು ಕೇಳೋಣ. ಹೈಸ್ಕೂಲಿನ ಮಗುವಿಗೆ ಲೆಕ್ಕ ಹೇಳಿಕೊಡಿ ಎಂದು ನಿವೃತ್ತ ಶಿಕ್ಷಕಿಯನ್ನು ಕೇಳೋಣ. ಕಿರು ಕ್ರೈಸ್ತ ಸಮುದಾಯದ ಸಭೆಯನ್ನು ವರ್ಷಕ್ಕೊಮ್ಮೆ ಒಂಟಿ ಹಿರಿಯರ ಮನೆಯಲ್ಲಿಯೇ ನಡೆಸೋಣ. ಚಾ, ತಿಂಡಿ ನಾವು ಒಯ್ಯೋಣ, ಆತಿಥ್ಯದ ಸಂತೋಷ ಅವರದಾಗಲಿ.

ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವಾಗಿ ಸ್ಥಾಪಿಸಿದರು. ನಮ್ಮಲ್ಲಿ ಅದು ಸುರಿಯುವ ಮಳೆಯ, ಅತ್ಯಂತ ಒಂಟಿಯಾದ ಕಾಲ. ಅಂದು ಚರ್ಚಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವುದು ಒಳ್ಳೆಯದೇ. ಆದರೆ ಚರ್ಚಿಗೆ ಬರಲು ಆಗದವರ ಪಟ್ಟಿ ಮಾಡಿ, ಯುವಜನರು ಇಬ್ಬಿಬ್ಬರಾಗಿ ಆ ಮನೆಗಳಿಗೆ ಹೋದರೆ ಇನ್ನೂ ಒಳ್ಳೆಯದು. ಹೋದವರು ಮತ್ತೆ ಬರುವ ದಿನವನ್ನು ಹೇಳಿಯೇ ಹೊರಡಲಿ, ಹೇಳಿದ ದಿನ ತಪ್ಪದೆ ಹೋಗಲಿ. ಬರುತ್ತೇವೆಂದು ಹೇಳಿ ಬಾರದಿರುವುದು ಹೋಗದೇ ಇರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ವೈದ್ಯರ ಬಳಿಗೆ ಯಾವಾಗ?

ಪುಟ್ಟ ಸಂತೋಷಗಳು ಎಲ್ಲದಕ್ಕೂ ಮದ್ದಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ, ಯಾವುದರಲ್ಲೂ ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಲೇಬೇಕು. "ನಾನು ಇದ್ದು ಏನು ಪ್ರಯೋಜನ", "ಎಲ್ಲರಿಗೂ ಹೊರೆ" ಎಂಬ ಮಾತುಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂದು ಪ್ರೀತಿಯಿಂದ, ನೇರವಾಗಿ ಕೇಳಬಹುದು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಬಳಸುವ ಕೀಟನಾಶಕ, ಕಳೆನಾಶಕಗಳನ್ನು ಮನೆಯಿಂದ ದೂರ ಸಾಗಿಸಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕುವಂತೆ ಎಲ್ಲಾ ಧರ್ಮಕೇಂದ್ರಗಳಲ್ಲಿ ವಿನಂತಿಸುತ್ತೇವೆ.

ಕೊನೆಯ ಮಾತು

ಆರಂಭದಲ್ಲಿ ಹೇಳಿದ ಹಿರಿಯರನ್ನು ಮನೆಯಿಂದ ಹೊರಗೆ ತಂದದ್ದು ನಮ್ಮ ಉಪದೇಶವಲ್ಲ. ನೆರೆಮನೆಯ ತಾಯಿಯೊಬ್ಬರು ಕಾಲುನೋವಿನ ಕಾರಣ ಹೇಳಿ, "ನಮ್ಮ ಹಾಲನ್ನು ಸ್ವಲ್ಪ ಡೈರಿಗೆ ಮುಟ್ಟಿಸುತ್ತೀರಾ?" ಎಂದು ಅವರನ್ನು ಕೇಳಿದ್ದರು. ಮೊದಲ ದಿನ ಅವರು ಹೋದದ್ದು ಇಲ್ಲವೆನ್ನಲು ನಾಚಿಕೆಯಾಗಿ. ಒಂದು ತಿಂಗಳಲ್ಲಿ ಡೈರಿಯ ಬೆಂಚಿನಲ್ಲಿ ಅವರಿಗೊಂದು ಜಾಗವಾಗಿತ್ತು. ಪತ್ನಿಯ ನೆನಪು ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಏಳಲು ಒಂದು ಕಾರಣ ಸಿಕ್ಕಿತು. ಆ ತಾಯಿಯ ಕಾಲುನೋವು ಎಷ್ಟಿತ್ತು ಎಂದು ನಾವು ಇಂದಿಗೂ ವಿಚಾರಿಸಿಲ್ಲ.

ಈ ವಾರ ನಿಮ್ಮ ವಾಳೆಯ ಒಂದು ಒಂಟಿ ಮನೆಯನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ಹೋಗಿ ಒಂದು ಸಣ್ಣ ಸಹಾಯ ಕೇಳಿ. ನೀವೇ ಆ ಒಂಟಿ ಮನೆಯವರಾಗಿದ್ದರೆ, ನಾಳೆ ಬೆಳಿಗ್ಗೆ ಒಬ್ಬರಿಗೇ ಆದರೂ ಸರಿ, ಒಂದು ಒಳ್ಳೆಯ ಚಾ ಮಾಡಿ, ಜಗಲಿಗೆ ಬಂದು ಕುಡಿಯಿರಿ. ಆರಂಭಕ್ಕೆ ಅಷ್ಟು ಸಾಕು.